ತಾವಾಗಿ ಸತ್ತವು

ತೋಟದ ಮನೆ
ಏಪ್ರಿಲ್ 3

ನಾದಿನಿಗೆ,

ಕ್ಷೇಮ ಎಂದು ಬರೆಯುವ ಸಾಲನ್ನು ಬಿಟ್ಟು ಮುಂದಿನದಕ್ಕೆ ಬರುತ್ತೇನೆ. ಫೋನು ಮಾಡಿದ್ದೆ, ನೀನು ಎತ್ತಲಿಲ್ಲ. ಕೆಲಸದಲ್ಲಿರುತ್ತೀಯ. ನನಗೂ ಫೋನಿನಲ್ಲಿ ಮಾತು ಜೋಡಿಸಲು ಬರುವುದಿಲ್ಲ, ಹಲೋ ಎಂದ ಮೇಲೆ ಏನು ಹೇಳಬೇಕಿತ್ತೋ ಅದೇ ಮರೆತುಹೋಗುತ್ತದೆ. ಹೇಗಿದ್ದರೂ ಡಬ್ಬಿ ಅಂಚೆಯಲ್ಲೇ ಬರಬೇಕಲ್ಲ, ಜೊತೆಗೆ ಕಾಗದವೂ ಬರಲಿ.

ಕಿತ್ತಳೆಗೆ ಹಿಟ್ಟು ತಿಗಣೆ ಮತ್ತೆ ಹತ್ತಿದೆ. ಎಳೆಗಾಯಿಯ ತೊಟ್ಟಿನ ಸುತ್ತ ಯಾರೋ ಬಿಳಿ ಹಿಟ್ಟು ಉದುರಿಸಿ ಹೋದ ಹಾಗೆ ಕಾಣುತ್ತದೆ. ಎಲೆ ಮುಟ್ಟಿದರೆ ಅಂಟು. ನಿಮ್ಮಣ್ಣ ಔಷಧಿ ಹೊಡೆಯುವುದನ್ನು ನಿಲ್ಲಿಸಿ, ನಿನ್ನ ಮಾತಿನ ಮೇಲೆ ಆ ಸಣ್ಣ ಕಣಜಗಳನ್ನು ತರಿಸಿ ತೋಟಕ್ಕೆ ಬಿಟ್ಟದ್ದು ನಿನಗೆ ಗೊತ್ತಿದೆ. ಅವು ತಿಗಣೆಯನ್ನು ಒಳಗಿನಿಂದ ತಿಂದು ಮುಗಿಸುತ್ತವೆ, ನಾವು ಕೈ ಕಟ್ಟಿ ಕೂತರೆ ಸಾಕು ಎನ್ನುತ್ತಿದ್ದರು. ಎರಡು ವರ್ಷ ಹಾಗೇ ಆಯಿತು. ಈ ವರ್ಷ ಅವರಿಲ್ಲ. ತಿಗಣೆ ಇದೆ.

ಈಗ ತೋಟ ನೋಡುವವನು ನಿನ್ನ ಸಣ್ಣಣ್ಣ. ಔಷಧಿಯ ಡ್ರಮ್ಮು, ಪಂಪು ಎರಡನ್ನೂ ತಂದು ಶೆಡ್ಡಿನಲ್ಲಿ ಇಟ್ಟಿದ್ದಾನೆ. ಅವನನ್ನು ಬೈಯಬೇಡ. ಮೊನ್ನೆ ಹೇಳಿದ, "ಅತ್ತಿಗೆ, ಅಣ್ಣನಿಗೆ ಅದೊಂದು ಹುಚ್ಚು, ಇರೋ ತನಕ ನಡೀತು. ನನಗೆ ಹುಳದ ಮುಖ ನೋಡಿ ಗುರುತು ಹಿಡಿಯೋಕೆ ಬರಲ್ಲ. ಇವು ಅಣ್ಣನ ಹುಳಾನೇ ಅಂತ ತಂಗಿ ಒಂದು ಮಾತು ಹೇಳಲಿ, ನಾನು ಪಂಪು ಮುಟ್ಟಲ್ಲ. ಹೇಳದೇ ಇದ್ರೆ ಹೊಡೆದುಬಿಡ್ತೀನಿ. ಹೊಡೆದ್ರೆ ಅಣ್ಣನದು ಅಂತ ಏನೂ ಉಳಿಯಲ್ಲ, ಅದೂ ನನಗೆ ಗೊತ್ತು."

ಆದ್ದರಿಂದ ನಿಮ್ಮಣ್ಣ ಮಾಡುತ್ತಿದ್ದ ಹಾಗೆಯೇ ಮಾಡಿದೆ. ತಿಗಣೆ ಹತ್ತಿದ ಟಿಸಿಲುಗಳನ್ನು ಚಪ್ಪಲಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಒಂದು ಕಡೆ ತೂತು ಕೊರೆದು ಗಾಜಿನ ಕೊಳವೆ ಸಿಕ್ಕಿಸಿದೆ. ಒಳಗೆ ಹುಟ್ಟಿದ ಕಣಜಗಳು ಬೆಳಕು ಕಂಡ ಕಡೆ ನಡೆದು ಕೊಳವೆಗೆ ಬರುತ್ತವೆ. ಬಂದವು. ನನಗೆ ಅವು ಕಣ್ಣಿಗೆ ಧೂಳಿನ ಹಾಗೆ. ಭೂತಗನ್ನಡಿ ಹಿಡಿದರೂ ಧೂಳಿಗೆ ಕಾಲು ಬಂದ ಹಾಗೆ, ಅಷ್ಟೆ. ಸಿಕ್ಕಷ್ಟನ್ನು ಕಳಿಸಿದ್ದೇನೆ. ಇವು ಅವರು ಬಿಟ್ಟವೋ ಅಲ್ಲವೋ ನೋಡಿ ಹೇಳು.

ನೀನು ಜನವರಿಯಲ್ಲಿ ಬಂದಾಗ ನಾವು ಕೂತು ಮಾತಾಡಲಾಗಲಿಲ್ಲ. ಮನೆ ತುಂಬ ಜನ. ನೀನು ಹೊರಟದ್ದೂ ನನಗೆ ಆಮೇಲೆ ತಿಳಿಯಿತು.

ನಿನ್ನ ಅತ್ತಿಗೆ


ಕೀಟ ಸಂಗ್ರಹಾಲಯ
ಏಪ್ರಿಲ್ 14

ಅತ್ತಿಗೆಯವರಿಗೆ,

ಡಬ್ಬಿ ತಲುಪಿತು. ಕಳಿಸಿದ ಹುಳಗಳಿಂದ ಏನೂ ಹೇಳಲಾಗುವುದಿಲ್ಲ. ಎಲ್ಲವೂ ಗಂಡು. ಒಣಗಿ ಮುದುಡಿವೆ, ಹತ್ತಿಯಲ್ಲಿ ಸುತ್ತಿದ್ದರಿಂದ ಕುಡಿಮೀಸೆ ಮುರಿದಿವೆ. ಇವುಗಳ ಗುರುತು ಹಿಡಿಯುವುದು ಹೆಣ್ಣಿನ ಮೀಸೆ, ರೆಕ್ಕೆ, ಮೊಟ್ಟೆಯಿಡುವ ಸೂಜಿ ನೋಡಿ. ಹೆಣ್ಣು ಬೇಕು.

ಯಾಕೆ ಬೇಕೆಂದು ತಿಳಿದಿರಲಿ. ಒಣಗಿದ ತಿಗಣೆಯ ಸಿಪ್ಪೆಯಿಂದ ಎರಡು ಬಗೆಯ ಕಣಜ ಹೊರಬರಬಹುದು. ಒಂದು ಅಣ್ಣ ಬಿಟ್ಟದ್ದು. ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿ ತಿಗಣೆಯನ್ನು ತಿಂದು ಬೆಳೆಯುತ್ತದೆ. ಇನ್ನೊಂದು ಕಳ್ಳ. ಅದು ತಿಗಣೆಯೊಳಗಿರುವ ಆ ಮರಿಯ ಮೇಲೇ ಮೊಟ್ಟೆಯಿಡುತ್ತದೆ. ಆಗ ಸಾಯುವುದು ಅಣ್ಣನ ಕಣಜದ ಮರಿ, ಹುಟ್ಟುವುದು ಕಳ್ಳ. ತೋಟದಲ್ಲಿ ಅಣ್ಣನದು ಹೆಚ್ಚಿದ್ದರೆ ತಿಗಣೆ ತಾನೇ ಇಳಿಯುತ್ತದೆ, ಔಷಧಿ ಬೇಡ. ಕಳ್ಳ ಹೆಚ್ಚಿದ್ದರೆ ಕಾದು ಫಲವಿಲ್ಲ.

ಎರಡೂ ಸಾಸಿವೆಗಿಂತ ಚಿಕ್ಕವು. ಬರಿಗಣ್ಣಿಗೆ ಒಂದೇ.

ಕೊಳವೆಯಲ್ಲಿ ಕಣಜ ಜೀವಂತವಿರುವಾಗಲೇ ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿ. ತೇವ ಮಾಡಿದ ಬಣ್ಣದ ಕುಂಚದ ತುದಿಯಿಂದ ಎತ್ತಿದರೆ ಮುರಿಯುವುದಿಲ್ಲ. ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಲಿ, ಯಾವ ಸಾಲಿನ ಮರ ಎಂದು. ನಾನು ಹೇಳುವವರೆಗೆ ಸಣ್ಣಣ್ಣ ಪಂಪು ಎತ್ತದಿರಲಿ.

ನಾದಿನಿ


ತೋಟದ ಮನೆ
ಏಪ್ರಿಲ್ 23

ನಾದಿನಿಗೆ,

ನಿನ್ನ ಕಾಗದವನ್ನು ಮೈದುನನಿಗೆ ಓದಿ ಹೇಳಿದೆ. ಕಳ್ಳನ ವಿಷಯ ಕೇಳಿ ನಕ್ಕ. "ಕಳ್ಳನ ಮನೆಗೇ ಕಳ್ಳ ನುಗ್ಗೋದು ಅಂದ್ರೆ ಇದೇನಾ? ಪರವಾಗಿಲ್ಲ, ಹುಳಗಳಲ್ಲೂ ನಮ್ಮಂಥವರಿದ್ದಾರೆ" ಅಂದ. ಅವನು ನಕ್ಕದ್ದು ನೋಡಿ ಬಹಳ ದಿನವಾಗಿತ್ತು. ಕಾಯುತ್ತೇನೆ ಎಂದಿದ್ದಾನೆ. ಪಂಪಿಗೆ ಗೋಣಿ ಹೊದಿಸಿದ್ದಾನೆ.

ಗಿಡ ಸವರಲು ಬರುವಾಕೆ, ನಾವೆಲ್ಲ ಕತ್ತರಿಯಮ್ಮ ಎನ್ನುತ್ತೇವಲ್ಲ, ಅವಳೇ ಈಗ ಮಧ್ಯಾಹ್ನದವರೆಗೆ ಜೊತೆಗಿರುತ್ತಾಳೆ. ಬಾಯಿ ಮುಚ್ಚುವುದಿಲ್ಲ. ಒಳ್ಳೆಯದೇ ಆಯಿತು, ನಾನು ಆಡಬೇಕಾದ ಮಾತನ್ನೂ ಅವಳೇ ಆಡಿ ಮುಗಿಸುತ್ತಾಳೆ.

ನಾನು ಬೆಳಿಗ್ಗೆ ಎದ್ದು ಮುಖ ತೊಳೆದು ದೇವರ ಮುಂದೆ ಕೂರುತ್ತೇನೆ. ಕೇಳಿಕೊಳ್ಳಲು ಏನೂ ತೋಚುವುದಿಲ್ಲ. ಆದರೂ ಕೂರುವುದನ್ನು ಬಿಟ್ಟಿಲ್ಲ. ಆಮೇಲೆ ಚಪ್ಪಲಿ ಡಬ್ಬಿ ನೋಡುತ್ತೇನೆ. ಕಿಟಕಿ ತೆರೆದು ಕೊಳವೆಯ ಬಿರಡೆ ತೆಗೆದರೆ ಬದುಕಿರುವವು ಒಂದೊಂದಾಗಿ ಹೊರಗೆ ಹೋಗುತ್ತವೆ. ಕತ್ತರಿಯಮ್ಮ ಹಿಂದೆ ನಿಂತು ನೋಡಿ, "ಅಕ್ಕಾ, ನುಸಿಗಳನ್ನ ದಿನಾ ಬಾಗಿಲ ತನಕ ಹೋಗಿ ಕಳಿಸಿಕೊಡ್ತೀರಲ್ಲ, ನನ್ನನ್ನ ಒಂದು ದಿನವಾದರೂ ಗೇಟಿನ ತನಕ ಬಿಟ್ಟಿದ್ದೀರಾ?" ಎಂದು ಕೇಳಿದಳು. ಆ ದಿನ ಗೇಟಿನ ತನಕ ಹೋದೆ.

ಕೊಳವೆಯಲ್ಲಿ ಉಳಿದವನ್ನು ಕುಂಚದಿಂದ ಎತ್ತಿ ಸ್ಪಿರಿಟ್ಟಿಗೆ ಹಾಕಿ ಕಳಿಸಿದ್ದೇನೆ. ಹತ್ತಿ ಹಾಕಿಲ್ಲ. ಚೀಟಿ ಒಳಗಿದೆ. ಬಾವಿಯ ಕಡೆಯ ಎರಡನೇ ಸಾಲು.

ನೀನು ಅಲ್ಲಿ ಒಬ್ಬಳೇ. ಮೈ ಹುಷಾರು.

ನಿನ್ನ ಅತ್ತಿಗೆ


ಕೀಟ ಸಂಗ್ರಹಾಲಯ
ಮೇ 2

ಅತ್ತಿಗೆಯವರಿಗೆ,

ಮತ್ತೆ ಗಂಡು. ಸೀಸೆ ತುಂಬ ಗಂಡು. ನನ್ನ ಮೇಜು ಈಗ ಗಂಡಸರ ಶವಾಗಾರವಾಗಿದೆ.

ನಿಮ್ಮ ಕಾಗದವನ್ನು ಎರಡು ಸಲ ಓದಿದ ಮೇಲೆ ಯಾಕೆಂದು ಗೊತ್ತಾಯಿತು. ಬದುಕಿರುವವನ್ನು ನೀವು ಕಿಟಕಿಯಿಂದ ಬಿಡುತ್ತಿದ್ದೀರಿ, ಸತ್ತು ಬಿದ್ದವನ್ನು ನನಗೆ ಕಳಿಸುತ್ತಿದ್ದೀರಿ. ಈ ಕಣಜಗಳಲ್ಲಿ ಗಂಡು ಮೊದಲು ಹುಟ್ಟುತ್ತದೆ, ಬೇಗ ಸಾಯುತ್ತದೆ. ಹೆಣ್ಣು ಆಮೇಲೆ ಬರುತ್ತದೆ, ಹೆಚ್ಚು ದಿನ ಬದುಕುತ್ತದೆ. ನೀವು ಬೆಳಿಗ್ಗೆ ಬಿರಡೆ ತೆಗೆದಾಗ ನಡೆದು ಹೊರಗೆ ಹೋಗುವುದೆಲ್ಲ ಹೆಣ್ಣು. ನನಗೆ ಬೇಕಾದದ್ದೂ ಅದೇ. ತಾವಾಗಿ ಸತ್ತವನ್ನು ಮಾತ್ರ ಆರಿಸಿದರೆ ವರ್ಷವಿಡೀ ಕಳಿಸಿದರೂ ಉತ್ತರ ಸಿಗದು.

ಜೀವಂತವಿರುವಾಗಲೇ ಹಾಕಿ ಎಂದು ಬರೆದಿದ್ದೆ. ಅದನ್ನು ಓದಿಲ್ಲವೆಂದು ನಾನು ನಂಬುವುದಿಲ್ಲ. ಅಣ್ಣ ಯಾವತ್ತೂ ಹೀಗೆ ಮಾಡಿರಲಿಲ್ಲ.

ಮೇ ಅರ್ಧಕ್ಕೆ ತಿಗಣೆ ತೊಟ್ಟಿನ ಕೆಳಗೆ ಸೇರಿಕೊಳ್ಳುತ್ತದೆ. ಆಮೇಲೆ ಔಷಧಿ ಹೊಡೆದರೂ ಈ ವರ್ಷದ ಕಾಯಿ ಉಳಿಯುವುದು ಕಷ್ಟ. ಸಮಯವಿಲ್ಲ.

ನಾದಿನಿ


ತೋಟದ ಮನೆ
ಮೇ 9

ನಾದಿನಿಗೆ,

ಓದಿದ್ದೆ. ನನ್ನ ಕೈಯಿಂದ ಆಗುವುದಿಲ್ಲ.

ಆಗಲಿ ಎಂದು ಕೂತೆ. ಸೀಸೆಯ ಮುಚ್ಚಳ ತೆಗೆದೆ, ಕುಂಚ ಒದ್ದೆ ಮಾಡಿಕೊಂಡೆ. ಕೊಳವೆಯ ತುದಿಯಲ್ಲಿ ಒಂದು ಹುಳ ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಿತ್ತು. ಮುಚ್ಚಳ ಮತ್ತೆ ಹಾಕಿ ಎದ್ದುಬಿಟ್ಟೆ. ದೇವರು ಕೊಟ್ಟ ಜೀವ, ಅವನೇ ಕರೆದುಕೊಳ್ಳುವ ತನಕ ಇರಲಿ. ಚಿಕ್ಕಂದಿನಿಂದ ನನಗೆ ಹಾಗೆ ಹೇಳಿಕೊಟ್ಟಿದ್ದಾರೆ. ಶಾಲೆಯಲ್ಲಿ ಕಲಿತದ್ದು ಮರೆತೆ, ಇದು ಮರೆತಿಲ್ಲ.

ಔಷಧಿ ಹೊಡೆದರೆ ಎಷ್ಟು ಜೀವ ಹೋಗುತ್ತದೆ ಎಂದು ಲೆಕ್ಕ ಹೇಳಬೇಡ. ಆ ಲೆಕ್ಕ ನನಗೂ ಬರುತ್ತದೆ. ಮೈದುನ ದಿನಾ ಹೇಳುತ್ತಿದ್ದಾನೆ. "ಅತ್ತಿಗೆ, ನಾಲ್ಕು ನುಸಿ ಸಾಯಿಸೋಕೆ ನಿಮಗೆ ಆಗಲ್ಲ ಅಂತ ನಾನು ತೋಟಪೂರ್ತಿ ಸಾಯಿಸಬೇಕು. ಇದು ಯಾವ ಧರ್ಮದಲ್ಲಿದೆ, ನನಗೂ ಸ್ವಲ್ಪ ಹೇಳಿಕೊಡಿ."  ಕತ್ತರಿಯಮ್ಮನನ್ನು ಕೇಳಿದೆ, ನೀನು ಹಾಕಿಕೊಡುತ್ತೀಯಾ ಎಂದು. "ಅಯ್ಯೋ ಅಕ್ಕಾ, ಪಾಪ ನನಗೆ, ಪುಣ್ಯ ನಿಮಗಾ? ಚೆನ್ನಾಗಿದೆ!" ಎಂದಳು. ಸರಿಯಾಗಿಯೇ ಹೇಳಿದಳು. ನಾನು ಮಾಡದ್ದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದು ಇನ್ನೂ ಕೆಟ್ಟದ್ದು.

ಒಂದು ಕೆಲಸ ಮಾಡಲಾ? ಟಿಸಿಲುಗಳನ್ನೇ ಡಬ್ಬಿಗೆ ತುಂಬಿ ಕಳಿಸುತ್ತೇನೆ. ಅಲ್ಲಿಗೆ ಬಂದು ಹುಟ್ಟಲಿ, ನಿನಗೆ ಬೇಕಾದದ್ದನ್ನು ನೀನೇ ತೆಗೆದುಕೊ. ಮೈದುನ ಈ ತಿಂಗಳ ಕೊನೆಯವರೆಗೆ ಕಾಯುತ್ತಾನಂತೆ. ಅದಕ್ಕಿಂತ ಮುಂದೆ ಕಾಯುವುದಿಲ್ಲ ಎಂದು ಪಂಪಿನ ಗೋಣಿ ತೆಗೆದಿದ್ದಾನೆ.

ನಿನ್ನ ಅತ್ತಿಗೆ


ಕೀಟ ಸಂಗ್ರಹಾಲಯ
ಮೇ 17

ಅತ್ತಿಗೆಯವರಿಗೆ,

ಟಿಸಿಲು ಕಳಿಸಬೇಡಿ. ಅಣ್ಣ ಇದ್ದಾಗ ಒಮ್ಮೆ ಕಳಿಸಿದ್ದ. ಅಂಚೆಯಲ್ಲಿ ಬೆವತು ಕೊಳೆತು ಬೂಸಲು ಹಿಡಿದು ಬಂತು. ಒಳಗೆ ಹುಟ್ಟಿದ್ದೆಲ್ಲ ಬೂಸಲಿಗೆ ಅಂಟಿಕೊಂಡು ಸತ್ತಿತ್ತು. ನಿಮ್ಮ ದೇವರು ಅದನ್ನು ಯಾರ ಲೆಕ್ಕಕ್ಕೆ ಬರೆದುಕೊಂಡನೋ ಗೊತ್ತಿಲ್ಲ.

ಜೀವ ತೆಗೆಯಲು ಆಗುವುದಿಲ್ಲ ಎಂದು ಬರೆದಿದ್ದೀರಿ. ಆ ಸಾಲಿನ ಮೇಲೆ ನಾನು ಬಹಳ ಹೊತ್ತು ಕೂತಿದ್ದೆ. ಬರೆಯಬಾರದು ಎಂದುಕೊಂಡಿದ್ದನ್ನು ಈಗ ಬರೆಯುತ್ತೇನೆ.

ನಾನು ದಾರಿಯಲ್ಲಿದ್ದೆ. ನಿಮಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬರುತ್ತೇನೆ ಎಂದು ಹೇಳಿದ್ದೆ. ನಾನು ಬಂದಾಗ ಹಾಸಿಗೆ ಖಾಲಿಯಿತ್ತು, ಹಾಸುಬಟ್ಟೆ ಬದಲಾಯಿಸುತ್ತಿದ್ದರು. ಯಂತ್ರ ನಿಲ್ಲಿಸಲೇ ಎಂದು ಡಾಕ್ಟರು ಕೇಳಿದಾಗ ಹೂಂ ಎಂದದ್ದು ನೀವು ಎಂದು ಸಣ್ಣಣ್ಣ ಹೇಳಿದ. ಒಂದು ದಿನ. ನನಗೆ ಬೇಕಾಗಿದ್ದದ್ದು ಒಂದು ದಿನ.

ಅವತ್ತು ಅಣ್ಣನಿಗೆ ಹೂಂ ಎಂದ ಬಾಯಿ ಇವತ್ತು ನುಸಿಯ ಮುಂದೆ ದೇವರ ಹೆಸರು ಹೇಳುತ್ತಿದೆ. ಮುಖ ಒರೆಸಿಕೊಳ್ಳುತ್ತಿತ್ತಂತೆ.

ಇನ್ನು ಬರೆಯುವುದೇನೂ ಇಲ್ಲ. ಹೆಣ್ಣು ಕಳಿಸಿದರೆ ನೋಡಿ ಹೇಳುತ್ತೇನೆ. ಇಲ್ಲದಿದ್ದರೆ ಪಂಪು ಎತ್ತಲು ಹೇಳಿ.

ನಾದಿನಿ


ತೋಟದ ಮನೆ
ಜೂನ್ 3

ನಾದಿನಿಗೆ,

ನೀನು ಕೇಳಿದ್ದು ಈ ಸೀಸೆಯಲ್ಲಿದೆ.

ಕಾಗದ ಬಂದ ಮೇಲೆ ಕೆಲವು ದಿನ ಏನೂ ಮಾಡಲಿಲ್ಲ. ಕೋಪವೇನೂ ಬರಲಿಲ್ಲ. ಬಂದರೆ ಒಳ್ಳೆಯದಿತ್ತೇನೋ. ನಲ್ಲಿ ತಿರುಗಿಸಿ ನೀರು ಬರದಿದ್ದರೆ ಹೇಗೆ ನಿಲ್ಲುತ್ತೇವೆ, ಹಾಗೆ ನಿಂತಿದ್ದೆ. ಮೈದುನ ತಿಂಗಳ ಕೊನೆಗೆ ಡ್ರಮ್ಮು ಉರುಳಿಸಿಕೊಂಡು ಬಂದ. ಇನ್ನೊಂದು ವಾರ ಕೊಡು ಎಂದೆ. "ಯಾಕೆ?" ಎಂದ. "ಹಾಕ್ತೀನಿ" ಎಂದೆ. ನನ್ನ ಮುಖ ನೋಡಿ ಡ್ರಮ್ಮನ್ನು ವಾಪಸು ಉರುಳಿಸಿದ.

ಬೆಳಿಗ್ಗೆ ಡಬ್ಬಿಯ ಮುಂದೆ ಕೂತೆ. ದೇವರ ಹೆಸರು ಹೇಳಲಿಲ್ಲ. ಈ ಕೆಲಸದಲ್ಲಿ ಅವನನ್ನು ಸೇರಿಸಿಕೊಳ್ಳುವುದು ಸರಿಯೆನಿಸಲಿಲ್ಲ. ಒಂದೊಂದಾಗಿ ಎತ್ತಿ ಹಾಕಿದೆ. ಸ್ಪಿರಿಟ್ಟಿನಲ್ಲಿ ಅವು ಮೊದಲು ಮೇಲೆ ತೇಲುತ್ತವೆ, ಕಾಲು ಆಡಿಸುತ್ತವೆ, ಆಮೇಲೆ ರೆಕ್ಕೆ ಬಿಚ್ಚಿ ಇಳಿಯುತ್ತವೆ. ನಿನಗೆ ಇದೆಲ್ಲ ಗೊತ್ತಿರುತ್ತದೆ. ಒಂದು ಪೂರಾ ತಳ ಸೇರುವವರೆಗೆ ಇನ್ನೊಂದನ್ನು ಹಾಕಲಿಲ್ಲ. ಕತ್ತರಿಯಮ್ಮ ಬಂದವಳು ಮಾತಾಡದೆ ಹೊರಗೆ ಹೋಗಿ ಕೂತಳು. ಅವಳು ಸುಮ್ಮನಿದ್ದದ್ದು ಅದೊಂದು ದಿನ.

ಈಗ ನೀನು ಬರೆದದ್ದಕ್ಕೆ.

ಡಾಕ್ಟರು ಕೇಳಿದ್ದು ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ. ಯಾರೋ ಬಾಟಲಿಗೆ ನೀರು ಹಿಡಿಯುತ್ತಿದ್ದರು. ತಲೆಯೊಳಗೆ ರಕ್ತ ತುಂಬಿದೆ, ಇನ್ನು ಎದ್ದೇಳುವುದಿಲ್ಲ, ಎದೆ ಏರಿಳಿಯುವುದು ಯಂತ್ರದ್ದು, ಅವರದಲ್ಲ ಎಂದರು. ನಾನು, "ಅವರ ತಂಗಿ ಬರ್ತಿದ್ದಾಳೆ" ಎಂದೆ. "ಕಾಯಬಹುದಮ್ಮ. ಕಾದರೂ ಬಂದವರು ನೋಡೋದು ಯಂತ್ರಾನೇ. ನೀವು ಹೇಗೆ ಹೇಳಿದರೆ ಹಾಗೆ" ಎಂದರು. ಹಾಗೆ ಹೇಳಿ ಸುಮ್ಮನೆ ನಿಂತರು. ಮೈದುನ ಗೋಡೆಯ ಕಡೆ ತಿರುಗಿದ. ನರ್ಸು ತನ್ನ ಕೈಗಡಿಯಾರದ ಪಟ್ಟಿ ಸರಿಮಾಡಿಕೊಂಡಳು. ನೀರು ಹಿಡಿಯುತ್ತಿದ್ದವರೂ ನಲ್ಲಿ ನಿಲ್ಲಿಸಿದರು. ಎಲ್ಲರೂ ಕಾಯುತ್ತಿದ್ದರು. ಯಾರಾದರೂ ಒಬ್ಬರು ಬಾಯಿ ಬಿಡಬೇಕಿತ್ತು.

ಹೂಂ ಅಂದೆ.

ಒಂದು ದಿನ ಕಾಯಬಹುದಿತ್ತು. ಕಾಯಲಿಲ್ಲ. ನೀನು ಬಂದು ಅವರನ್ನು ಹಾಗೆ ನೋಡಬಾರದೆಂದು ಹೇಳಿದೆ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಆಗ ನನ್ನ ತಲೆಯಲ್ಲಿ ನೀನೂ ಇರಲಿಲ್ಲ, ದೇವರೂ ಇರಲಿಲ್ಲ. ಎಲ್ಲರೂ ನಿಂತಿದ್ದರು, ನಾನು ಹೇಳಿದೆ. ಅದು ಸರಿಯೋ ತಪ್ಪೋ ಎಂದು ದೇವರನ್ನು ಕೇಳಿದ್ದೇನೆ. ಅವನೂ ಕಾರಿಡಾರಿನಲ್ಲಿ ನಿಂತವರ ಹಾಗೆಯೇ ಇದ್ದಾನೆ.

ಹುಳ ಹಾಕಲಾಗದೆ ಎದ್ದು ಹೋದದ್ದು ಧರ್ಮಕ್ಕಲ್ಲ ಎಂದು ನಿನಗೆ ಅನ್ನಿಸಿದರೆ ಅದೂ ಇರಬಹುದು. ಇನ್ನೊಂದು ಸಲ ನನ್ನಿಂದ ಆಗುವುದು ಬೇಡ ಎನ್ನಿಸಿತ್ತು. ಈಗ ಆಯಿತು.

ಸೀಸೆ ಒಡೆಯದ ಹಾಗೆ ಭತ್ತದ ಹೊಟ್ಟಿನಲ್ಲಿ ಇಟ್ಟಿದ್ದೇನೆ.

ನಿನ್ನ ಅತ್ತಿಗೆ


ಕೀಟ ಸಂಗ್ರಹಾಲಯ
ಜೂನ್ 12

ಅತ್ತಿಗೆಗೆ,

ಸೀಸೆ ಬಂತು. ಒಂದೂ ಮುರಿದಿಲ್ಲ. ಎಲ್ಲವೂ ಹೆಣ್ಣು. ಇಲ್ಲಿ ವರ್ಷಗಟ್ಟಲೆ ಕಲಿತವರೂ ಇಷ್ಟು ಜೋಪಾನವಾಗಿ ಕಳಿಸುವುದಿಲ್ಲ.

ಇವನ್ನು ತೊಳೆದು, ಬಣ್ಣ ಕಳೆದು, ಗಾಜಿನ ಮೇಲೆ ಮಲಗಿಸಿ ನೋಡಬೇಕು. ಸ್ವಲ್ಪ ದಿನ ಹಿಡಿಯುತ್ತದೆ. ಸಣ್ಣಣ್ಣನಿಗೆ ಇನ್ನೊಂದಿಷ್ಟು ತಡೆಯಲು ಹೇಳಿ.

ಉಳಿದದ್ದನ್ನು ಓದಿದೆ.

ನಾದಿನಿ


ಕೀಟ ಸಂಗ್ರಹಾಲಯ
ಜೂನ್ 20

ಅತ್ತಿಗೆಗೆ,

ಇನ್ನೂ ಹೇಳುವಂತಾಗಿಲ್ಲ. ಒಂದೆರಡು ಹುಳ ಗಾಜಿನ ಮೇಲೆ ಸರಿಯಾಗಿ ಕೂತಿಲ್ಲ, ಮತ್ತೆ ಮಾಡುತ್ತಿದ್ದೇನೆ. ಪಕ್ಕದ ಕೋಣೆಯ ಹಿರಿಯರಿಗೂ ತೋರಿಸಬೇಕೆಂದಿದ್ದೇನೆ, ಅವರು ರಜೆಯಲ್ಲಿದ್ದಾರೆ. ಅವಸರಪಟ್ಟು ತಪ್ಪು ಹೇಳುವುದಕ್ಕಿಂತ ಒಂದು ವಾರ ತಡವಾದರೂ ಪರವಾಗಿಲ್ಲ. ಮಳೆ ಚೆನ್ನಾಗಿ ಬಿದ್ದರೆ ತಿಗಣೆ ಸ್ವಲ್ಪ ತೊಳೆದುಹೋಗುವುದೂ ಉಂಟು.

ನಾದಿನಿ


ತೋಟದ ಮನೆ
ಜೂನ್ 27

ನಾದಿನಿಗೆ,

ಎರಡೂ ಕಾಗದ ಬಂದವು. ಮಳೆ ಬಿತ್ತು. ತಿಗಣೆ ತೊಳೆದುಹೋಗಿಲ್ಲ.

ಬಾವಿಯ ಕಡೆಯ ಸಾಲಿನಲ್ಲಿ ಎಲೆಗಳು ಮಸಿ ಹಿಡಿದು ಕಪ್ಪಾಗಿವೆ. ಕಾಯಿ ಲಿಂಬೆಯಷ್ಟಾಗುವ ಮೊದಲೇ ಉದುರುತ್ತಿದೆ. ಬುಡದಲ್ಲಿ ನಡೆದರೆ ಕಾಲ ಕೆಳಗೆ ಉರುಳುತ್ತವೆ. ಮೈದುನ ಈಗ ಬೆಳಿಗ್ಗೆ ಒಂದು ಸುತ್ತು ಹಾಕಿ ಬಂದು ಜಗಲಿಯಲ್ಲಿ ಕೂರುತ್ತಾನೆ. ನಿನ್ನೆ ಒಂದೇ ಮಾತು ಕೇಳಿದ, "ತಂಗಿಗೆ ಗುರುತು ಹಿಡಿಯೋಕೆ ಇಷ್ಟು ದಿನ ಯಾವತ್ತಾದ್ರೂ ಆಗಿತ್ತಾ ಅತ್ತಿಗೆ?" ನಾನು ಇಲ್ಲ ಎಂದೆ. ಅವನು ತಲೆಯಾಡಿಸಿದ. 

ನಿಮ್ಮಣ್ಣ ಕಳಿಸಿದ್ದನ್ನು ನೀನು ನೋಡಿದ ದಿನವೇ ಉತ್ತರ ಬರೆಯುತ್ತಿದ್ದೆ. ಅವರು ಕಾಗದ ಒಡೆದು ಗಟ್ಟಿಯಾಗಿ ಓದುತ್ತಿದ್ದರು, ಅದಕ್ಕೇ ನನಗೆ ಗೊತ್ತು.

ನಿನಗೆ ತಿಳಿದಿದೆ. ಹೇಳಲು ಆಗುತ್ತಿಲ್ಲ. ಅಷ್ಟೇ ತಾನೆ?

ನೀನು ಬರೆಯದೆ ಇದ್ದರೆ ತಿಗಣೆ ನಿಲ್ಲುವುದಿಲ್ಲ. ಕಾಯಿ ಉದುರುತ್ತದೆ, ಆಮೇಲೆ ಮರ. ನೀನು ಬೇಕಾದರೆ ಏನನ್ನೂ ಬರೆಯಬೇಡ. ಖಾಲಿ ಲಕೋಟೆ ಕಳಿಸು, ಸಾಕು. ಹೊಡೆ ಎಂದು ಮೈದುನನಿಗೆ ನಾನು ಹೇಳುತ್ತೇನೆ. ಒಂದು ಸಲ ಹೇಳಿದವಳು, ಇನ್ನೊಂದು ಸಲ ಹೇಳಿದರೆ ಯಾರಿಗೂ ಹೊಸದೆನಿಸುವುದಿಲ್ಲ. ನಿನ್ನ ಬಾಯಿಗೆ ಅದು ಬೇಡ. ನೀನು ಚಿಕ್ಕವಳು, ಅವರ ಕೆಲಸ ಕಲಿತವಳು.

ನಿನ್ನ ಅತ್ತಿಗೆ


ಕೀಟ ಸಂಗ್ರಹಾಲಯ
ಜುಲೈ 4

ಅತ್ತಿಗೆ,

ಖಾಲಿ ಲಕೋಟೆ ಕಳಿಸುವುದಿಲ್ಲ.

ನೋಡಿದ ದಿನವೇ ಗೊತ್ತಾಗಿತ್ತು. ಹುಳಗಳೆಲ್ಲ ಗಾಜಿನ ಮೇಲೆ ಮೊದಲ ಸಲವೇ ಸರಿಯಾಗಿ ಕೂತಿದ್ದವು. ಪಕ್ಕದ ಕೋಣೆಯವರು ರಜೆಯಲ್ಲಿರಲಿಲ್ಲ. ನೀವು ಕಳಿಸಿದವುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಕಳ್ಳ. ಆ ಒಂದು ಅಣ್ಣನದು. ಆ ಒಂದನ್ನೇ ಇಟ್ಟುಕೊಂಡು ಇಷ್ಟು ದಿನ ಕೂತಿದ್ದೆ. ದಿನಾ ಬೆಳಿಗ್ಗೆ ಬಂದು ಅದೊಂದೇ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದೆ. ಒಂದಿದೆಯಲ್ಲ, ತೋಟದಲ್ಲಿ ಇನ್ನೂ ಇರಬಹುದಲ್ಲ ಎಂದು. ಇದ್ದರೂ ಕೆಲವು ಇರಬಹುದು. ಇನ್ನು ಅವು ತೋಟವನ್ನು ಹಿಡಿದು ನಿಲ್ಲಿಸುವುದಿಲ್ಲ. ಇದು ಬೇರೆಯವರ ತೋಟವಾಗಿದ್ದರೆ ಅದೇ ಸಂಜೆ ಬರೆದು ಕಳಿಸುತ್ತಿದ್ದೆ.

ನೀವು ಕೇಳುವ ಮೊದಲೇ ಹೇಳುತ್ತೇನೆ. ಕಿಟಕಿಯಿಂದ ನೀವು ಬಿಟ್ಟದ್ದರಿಂದ ಏನೂ ಆಗಿಲ್ಲ. ಕಳ್ಳ ತೋಟದಲ್ಲಿ ಅದಕ್ಕೆ ಮೊದಲೇ ತುಂಬಿತ್ತು. ಒಂದು ಡಬ್ಬಿಯಿಂದ ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಒಂದು ಸಲ ಹೊಡೆದು ಎಲ್ಲವನ್ನೂ ತೊಳೆದುಬಿಡಬೇಕು. ಮರ ಉಳಿಯುತ್ತದೆ. ಮುಂದೆ ಯಾವಾಗಲಾದರೂ ಬೇಕೆನಿಸಿದರೆ ಹೊಸದಾಗಿ ಬಿಡಬಹುದು, ಬೇಡವಾದರೆ ಬೇಡ. ಅದು ಅಣ್ಣ ಬಿಟ್ಟದ್ದಾಗಿರುವುದಿಲ್ಲ.

ಈ ಕಾಗದ ನಿಮ್ಮ ಕೈ ಸೇರುವ ಮೊದಲೇ ನಾನು ಸಣ್ಣಣ್ಣನಿಗೆ ಫೋನು ಮಾಡಿರುತ್ತೇನೆ. ಹೊಡೆ ಎಂದು ನಾನು ಹೇಳಿರುತ್ತೇನೆ. ನೀವು ಬಾಯಿ ಬಿಡಬೇಡಿ.

ಕಾದರೆ ಬೇರೆ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಕಾದೆ, ಅತ್ತಿಗೆ. ಇಲ್ಲಿ ಯಾರೂ ನನ್ನ ಮುಂದೆ ನಿಂತಿರಲಿಲ್ಲ. ನಾನೊಬ್ಬಳೇ ಇದ್ದೆ, ಆದರೂ ಆಗಲಿಲ್ಲ.

ನಾದಿನಿ


ತೋಟದ ಮನೆ
ಜುಲೈ 15

ನಾದಿನಿಗೆ,

ನೀನು ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ. ಮೈದುನ ಕೈ ಒದ್ದೆಯೆಂದು ಫೋನನ್ನು ಜಗಲಿಯ ಮೇಲಿಟ್ಟು ಗಟ್ಟಿಯಾಗಿ ಕೇಳುವ ಹಾಗೆ ಮಾಡಿದ್ದ. "ಹೊಡೆದುಬಿಡ್ಲಾ ಹಾಗಾದ್ರೆ?" ಎಂದು ಕೇಳಿದ. ನೀನು ಕೂಡಲೇ ಹೇಳಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆಮೇಲೆ ನೀನು ಹೂಂ ಅಂದೆ. ಅಂದ ಮೇಲೂ ನೀನು ಫೋನು ಇಡಲಿಲ್ಲ. ಮೈದುನ ಎದ್ದು ಶೆಡ್ಡಿಗೆ ಹೋದ. ಫೋನಿನ ಹತ್ತಿರ ನಾನೊಬ್ಬಳೇ ಕೂತಿದ್ದೆ. ನಿನಗೆ ಗೊತ್ತಾಯಿತೋ ಇಲ್ಲವೋ.  ಬಹಳ ಹೊತ್ತಾದ ಮೇಲೆ ಅದು ತಾನೇ ಆರಿತು.

ಎರಡು ದಿನ ಹೊಡೆದರು. ಕಿಟಕಿ ಮುಚ್ಚಿಕೊಂಡು ಒಳಗಿದ್ದೆ. ಪಂಪಿನ ಸದ್ದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವುದು ಕೇಳುತ್ತಿತ್ತು. ಮೂರನೆಯ ದಿನ ಹೋಗಿ ನೋಡಿದೆ. ಎಲೆಗಳು ತೊಳೆದ ಹಾಗಿವೆ. ಏನೂ ಹಾರುವುದಿಲ್ಲ. ಕತ್ತರಿಯಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು, "ಒಂದು ನೊಣಾನೂ ಇಲ್ಲ ನೋಡಿ ಅಕ್ಕಾ, ರಾಜಭೋಗ" ಎಂದಳು.  ಮೈದುನ ಪಂಪನ್ನು ಮೂರು ಸಲ ತೊಳೆದ. ಇನ್ನೂ ತೊಳೆಯುತ್ತಿದ್ದಾನೆ.

ಕಿಟಕಿಯಿಂದ ಬಿಟ್ಟದ್ದರ ವಿಷಯ ನೀನು ಬರೆದದ್ದು ನಿಜವೋ, ನನ್ನ ಸಮಾಧಾನಕ್ಕೋ, ಕೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಆಗುತ್ತದೆ.

ನಿನಗೊಂದು ಮಾತು ಹೇಳುವುದಿದೆ. ಓದಿದ್ದಲ್ಲ, ಕಂಡದ್ದು. ಹೂಂ ಅಂದ ಮೇಲೆ ಜನ ಹತ್ತಿರ ಬರುತ್ತಾರೆ. ಎಲ್ಲವನ್ನೂ ಕೇಳುತ್ತಾರೆ. ಹೇಗಾಯಿತು, ಯಾವಾಗ ಆಯಿತು, ಮುಂದೇನು, ಬೀಗದ ಕೈ ಎಲ್ಲಿ, ಬಟ್ಟೆ ಯಾರಿಗೆ ಕೊಡುವುದು. ಹೂಂ ಅಂದವರೂ ಮನುಷ್ಯರೇ ಎಂಬುದು ಯಾರಿಗೂ ನೆನಪಿರುವುದಿಲ್ಲ. ಜನವರಿಯ ಆ ವಾರ ಅಷ್ಟು ಜನ ತುಂಬಿದ ಮನೆಯಲ್ಲಿ ನನ್ನನ್ನು ಒಂದೇ ಒಂದು ಮಾತನ್ನು ಮಾತ್ರ ಯಾರೂ ಕೇಳಲಿಲ್ಲ. ಅಲ್ಲಿ ನಿನ್ನನ್ನೂ ಕೇಳುವವರಿಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ.

ಊಟ ಆಯ್ತಾ?

ನಿನ್ನ ಅತ್ತಿಗೆ